ಮೂರನೆಯ ಮೊಳೆ

2008ನೇ ಇಸವಿ ಸೆಪ್ಟೆಂಬರ್ 20, ಶನಿವಾರ, ಸಂಜೆ ಐದು ಗಂಟೆ. ಕ್ರಿಯೊನೇರಿ ಊರಿನ ಸಂತ ಪರಸ್ಕೆವಿಯ ಚರ್ಚಿನೊಳಗೆ ಉರಿಯುತ್ತಿದ್ದ ಮೇಣದ ಬತ್ತಿಗಳು ನಲವತ್ತಮೂರು. ವಿದ್ಯುದ್ದೀಪ ಒಂದೂ ಇರಲಿಲ್ಲ. ಆ ಚರ್ಚಿಗೆ ಯಾರೂ ತಂತಿ ಎಳೆದಿರಲಿಲ್ಲ. ಹೊರಗೆ ಬೆಟ್ಟದ ಬಿಸಿಲು ಇನ್ನೂ ಇತ್ತು. ಒಳಗೆ, ಗಜ ದಪ್ಪದ ಕಲ್ಲುಗೋಡೆಗಳ ನಡುವೆ, ಎದುರಿಗೆ ನಿಂತವರ ಮುಖ ಕಾಣುತ್ತಿತ್ತು, ಪಾದ ಕಾಣುತ್ತಿರಲಿಲ್ಲ.

ಬತ್ತಿಗಳನ್ನು ಎಣಿಸಿದವಳು ಪೊಲಿಕ್ಸೇನಿ. ಎಣಿಸಿದ್ದು ಭಕ್ತಿಯಿಂದಲ್ಲ. ಅವಳು ಆ ಊರಿನ ಛಾಯಾಗ್ರಾಹಕಿ, ತಂದೆಯ ನಂತರ ಅದೇ ಅಂಗಡಿಯಲ್ಲಿ ಅದೇ ಕೆಲಸ ಮಾಡುತ್ತ ಬಂದವಳು, ಐವತ್ತನಾಲ್ಕು ವರ್ಷದವಳು, ಊರಿನ ಕಿರಿಯರಿಗೆಲ್ಲ ಚಿಕ್ಕಮ್ಮ. ನಲವತ್ತಮೂರು ಬತ್ತಿಗಳ ಬೆಳಕಿನಲ್ಲಿ ಮುಖದ ಚಿತ್ರ ಹೇಗೋ ಬರುತ್ತದೆ. ಆ ಸಂಜೆ ಅವಳಿಗೆ ಬೇಕಾಗಿದ್ದುದು ಪಾದದ ಚಿತ್ರ.

ಪಾದವೇಕೆಂದು ಆ ಕಡೆಯ ಊರುಗಳಲ್ಲಿ ಯಾರೂ ಕೇಳುವುದಿಲ್ಲ. ಮದುವೆಯಲ್ಲಿ ವಧೂವರರ ತಲೆಗೆ ಕಿರೀಟ ಇಟ್ಟಾದ ಮೇಲೆ ವಾಚಕನು ಹಳೆಯ ಭಾಷೆಯಲ್ಲಿ ಒಂದು ಪಾಠ ಓದುತ್ತಾನೆ. ಹೆಂಡತಿಯು ಗಂಡನಿಗೆ ಅಂಜಿ ನಡೆಯಬೇಕೆಂಬುದು ಅದರ ಕಟ್ಟಕಡೆಯ ಮಾತು. ಆ ಮಾತು ವಾಚಕನ ಬಾಯಿಂದ ಹೊರಬಿದ್ದ ಕ್ಷಣದಲ್ಲೇ ವಧು ವರನ ಪಾದವನ್ನು ತುಳಿಯಬೇಕು. ತುಳಿದರೆ ಮನೆಯ ಆಡಳಿತ ಅವಳದು. ವರ ಪಾದವನ್ನು ಹಿಂದಕ್ಕೆಳೆದುಕೊಂಡರೆ ಅವನದು. ಮಾತಿಗೆ ಮೊದಲೇ ತುಳಿದರೆ ಲೆಕ್ಕಕ್ಕಿಲ್ಲ, ತಡವಾಗಿ ತುಳಿದರೂ ಇಲ್ಲ. ತುಳಿಸಿಕೊಂಡ ಗಂಡಸರು ಮರುದಿನವೇ ಅದನ್ನು ಅಲ್ಲಗಳೆಯುವುದು ರೂಢಿಯಾದ್ದರಿಂದ ಸಾಕ್ಷಿ ಬೇಕು. ಸಾಕ್ಷಿಯೆಂದರೆ ಚಿತ್ರ.

ವಧುವಿನ ಅಜ್ಜಿ ಅಗೋರೊಳ ಅಡುಗೆಮನೆಯ ಗೋಡೆಯಲ್ಲಿ ಇಂಥ ಚಿತ್ರಗಳಿಗೆಂದು ನಾಲ್ಕು ಮೊಳೆಗಳಿದ್ದವು. ಮೊದಲನೆಯದರಲ್ಲಿ ಅಗೋರೊಳ ಪಾದ ಅವಳ ಗಂಡನ ಬೂಟಿನ ಮೇಲೆ, 1951. ಎರಡನೆಯದರಲ್ಲಿ ಅವಳ ಮಗಳ ಪಾದ, 1977. ಎರಡನ್ನೂ ತೆಗೆದವನು ಪೊಲಿಕ್ಸೇನಿಯ ತಂದೆ ಝೀಕೊ. ನಾಲ್ಕನೆಯ ಮೊಳೆಯನ್ನು ಆ ವಾರವಷ್ಟೇ ಕಿರಿಯ ಮೊಮ್ಮಗಳು ಅರೇತಿಗಾಗಿ ಹೊಡೆಯಲಾಗಿತ್ತು. ಈ ಸಂಜೆಯ ವಧು ಅವಳೇ. ಮೂರನೆಯ ಮೊಳೆ ಹಿರಿಯ ಮೊಮ್ಮಗಳು ಮೆಲ್ಪೊಳದು. ಅದು ಹದಿನೈದು ತಿಂಗಳಿಂದ ಖಾಲಿಯಿತ್ತು. ಖಾಲಿಯಿರುವುದಕ್ಕೆ ಪೊಲಿಕ್ಸೇನಿಯೇ ಕಾರಣ.

ಹಿಂದಿನ ವರ್ಷದ ಜೂನ್ ತಿಂಗಳಲ್ಲಿ ಮೆಲ್ಪೊಳ ಮದುವೆ ಇದೇ ಚರ್ಚಿನಲ್ಲಿ ನಡೆಯಿತು. ಪೊಲಿಕ್ಸೇನಿ ಆಗತಾನೇ ಡಿಜಿಟಲ್ ಕ್ಯಾಮೆರಾ ಕೊಂಡಿದ್ದಳು. ಮಂದ ಬೆಳಕಿನಲ್ಲಿ ದೂರವನ್ನು ಅಂದಾಜು ಮಾಡುವುದು ಆ ಯಂತ್ರಕ್ಕೆ ಕಷ್ಟ. ಅದಕ್ಕೆಂದೇ ಫ್ಲ್ಯಾಶಿನ ಹಣೆಯಲ್ಲಿ ಒಂದು ಪುಟ್ಟ ದೀಪವಿರುತ್ತದೆ. ಗುಂಡಿಯನ್ನು ಅರ್ಧ ಒತ್ತಿದಾಗ ಅದು ಎದುರಿನ ವಸ್ತುವಿನ ಮೇಲೆ ಕೆಂಪು ಗೆರೆಗಳ ಜಾಲವನ್ನು ಚೆಲ್ಲುತ್ತದೆ, ಆ ಗೆರೆಗಳನ್ನು ಹಿಡಿದು ಲೆನ್ಸ್ ಫೋಕಸ್ ಮಾಡಿಕೊಳ್ಳುತ್ತದೆ. ವಾಚಕ ಸಿದೇರಿ ಕೊನೆಯ ಮಾತಿಗೆ ಉಸಿರೆಳೆದಾಗ ಪೊಲಿಕ್ಸೇನಿ ಗುಂಡಿಯನ್ನು ಅರ್ಧ ಒತ್ತಿದಳು. ವರ ತೋಲಿಸನ ಕರಿಯ ಬೂಟಿನ ಮೇಲೆ ಕೆಂಪು ಜಾಲ ಹರಡಿತು. ತೋಲಿಸ್ ಕೆಳಗೆ ನೋಡಿದ, ಅರ್ಥ ಮಾಡಿಕೊಂಡ, ಕಾಲು ತೆಗೆದ. ಮೆಲ್ಪೊಳ ಹಿಮ್ಮಡಿ ಕಲ್ಲಿಗೆ ಬಡಿದು ಹೀಲು ಮುರಿಯಿತು. ಆಗ ಫ್ಲ್ಯಾಶ್ ಮಿಂಚಿತು. ಚಿತ್ರದಲ್ಲಿ ಇದ್ದದ್ದು ಒಂದು ಕಲ್ಲುಚಪ್ಪಡಿ ಮತ್ತು ಒಂದು ಮುರಿದ ಹೀಲು. ಫೋಕಸ್ ನಿಖರವಾಗಿತ್ತು.

ಅಂದು ಪೊಲಿಕ್ಸೇನಿ ನೆಪ ಹೇಳಲಿಲ್ಲ. "ನಿನ್ನದೊಂದು ಚಿತ್ರ ನನ್ನ ಮೇಲೆ ಬಾಕಿ ಇದೆ," ಎಂದಳು.

"ಅದನ್ನ ತೀರಿಸೋಕೆ ಇನ್ನೊಂದ್ಸಲ ಮದುವೆ ಆಗ್ಲಾ ಚಿಕ್ಕಮ್ಮ?" ಎಂದು ಮೆಲ್ಪೊ ನಕ್ಕಿದ್ದಳು. ನಗುವಿನಲ್ಲಿ ನಗು ಕಡಿಮೆಯಿತ್ತು.

ಅರೇತಿಯ ಮದುವೆ ಗೊತ್ತಾದಾಗ ವರನ ಕಡೆಯವರು ಆರ್ತಾ ಪಟ್ಟಣದಿಂದ ಛಾಯಾಗ್ರಾಹಕನನ್ನು ಕರೆಸುವ ಮಾತೆತ್ತಿದರು. ಅವನ ಹತ್ತಿರ ಛತ್ರಿಯಂಥ ದೀಪಗಳಿವೆ, ಇಬ್ಬರು ಆಳುಗಳಿದ್ದಾರೆ ಎಂದರು. ಅಗೋರೊ ಕೋಲೂರಿಕೊಂಡು ತಾನೇ ಪೊಲಿಕ್ಸೇನಿಯ ಅಂಗಡಿಗೆ ಬಂದಳು. ಎಪ್ಪತ್ತೆಂಟು ವರ್ಷದವಳು, ಕುರ್ಚಿ ಕೊಟ್ಟರೂ ಕೂರಲಿಲ್ಲ.

"ನಿಮ್ಮಪ್ಪ ಒಂದೇ ಒಂದು ಫ್ಲ್ಯಾಶ್ ಬಲ್ಬಿನಲ್ಲಿ ನನ್ನ ಪಾದ ತೆಗೆದಿದ್ದ ಕಣೇ. ಬಲ್ಬು ಢಂ ಅಂತ ಸುಟ್ಟುಹೋಯ್ತು, ಚಿತ್ರ ಉಳೀತು. ನಿನ್ನ ಹತ್ರ ಇಷ್ಟೊಂದು ಗುಂಡಿ ಇರೋ ಯಂತ್ರ ಇದೆ, ನೀನು ನೆಲ ತೆಗೆದೆ."

"ಈ ಸಲ ಪಾದ ಬರುತ್ತೆ ಅಜ್ಜಿ."

"ಬರದಿದ್ರೆ?"

"ಬರುತ್ತೆ."

"ಬರದಿದ್ರೆ ಅಂತ ಕೇಳ್ದೆ. ಕಿವಿ ನಂದಾ ಮಂದ, ನಿಂದಾ?"

"ಬರದಿದ್ರೆ ನಿಮ್ಮನೆ ಹೊಸಿಲಿಗೆ ನಾನು ಮತ್ತೆ ಬರಲ್ಲ. ಅರೇತಿ ಮಕ್ಕಳ ನಾಮಕರಣಕ್ಕೆ ಆರ್ತಾದವನನ್ನೇ ಕರೆಸ್ಕೊಳ್ಳಿ."

"ಕರೆಸ್ತೀನಿ," ಎಂದಳು ಅಗೋರೊ. "ಮುದುಕಿ, ಮರೀತಾಳೆ ಅಂದ್ಕೋಬೇಡ."

ಅವಳು ಮರೆಯುವವಳಲ್ಲ. ಐವತ್ತೇಳು ವರ್ಷಗಳಿಂದ ಆ ಮನೆಯ ಹುಟ್ಟು, ಮದುವೆ, ಸಾವುಗಳಿಗೆಲ್ಲ ಝೀಕೊನ ಅಂಗಡಿಯದೇ ಕ್ಯಾಮೆರಾ ಹೋಗಿತ್ತು. ಆ ಮನೆಯ ಬಾಗಿಲು ಮುಚ್ಚಿದರೆ ಊರಿನ ಉಳಿದ ಬಾಗಿಲುಗಳೂ ಒಂದೊಂದಾಗಿ ಆರ್ತಾದ ಕಡೆ ತೆರೆದುಕೊಳ್ಳುತ್ತವೆ. ಪೊಲಿಕ್ಸೇನಿಗೆ ಇದು ತಿಳಿದಿತ್ತು. ಹಾಗೆಂದು ಅವಳು ನಿದ್ದೆಗೆಡಲಿಲ್ಲ. ಹೋದ ಸಲ ಎಲ್ಲಿ ತಪ್ಪಿತೆಂದು ಗೊತ್ತಿತ್ತು. ತಪ್ಪಿದ ಜಾಗ ಗೊತ್ತಿರುವ ಲೆಕ್ಕವನ್ನು ತಿದ್ದಬಹುದು.

ಶುಕ್ರವಾರ ಮಧ್ಯಾಹ್ನ ತೋಲಿಸ್, ಮದುವೆಯ ವರ ಫಾನಿಸನನ್ನು ಹೆಗಲ ಮೇಲೆ ಕೈಹಾಕಿಕೊಂಡು ಅಂಗಡಿಗೆ ಕರೆತಂದ. ನೆಪಕ್ಕೆ ನೋಂದಣಿ ಕಚೇರಿಯ ಸಣ್ಣ ಚಿತ್ರ. ಇಬ್ಬರ ಬಾಯಿಯಿಂದಲೂ ತ್ಸಿಪುರೊ ಸಾರಾಯಿಯ ಸೋಂಪಿನ ವಾಸನೆ ಬರುತ್ತಿತ್ತು.

"ಚಿಕ್ಕಮ್ಮ, ನಮ್ಮ ದೀಪ ಚೆನ್ನಾಗಿದೆ ತಾನೇ?" ಎಂದ ತೋಲಿಸ್.

"ಯಾವ ದೀಪ?"

"ಅದೇ, ನನ್ನ ಕಾಪಾಡಿದ ಕೆಂಪು ದೀಪ! ನಾನು ಈ ಹುಡುಗನಿಗೆ ಹೇಳ್ಕೊಟ್ಟಿದೀನಿ. ಸಿದೇರಿ ತಾತ ಓದೋದು ಹಳೇ ಭಾಷೆ, ನಿನಗೆ ಒಂದಕ್ಷರ ಅರ್ಥ ಆಗಲ್ಲ, ಕಿವಿಗೊಟ್ಟು ಸುಮ್ನೆ ತಲೆ ಕೆಡಿಸ್ಕೋಬೇಡ. ಬೂಟು ನೋಡ್ತಿರು. ಕೆಂಪು ಬಿತ್ತಾ, ಕಾಲು ತೆಗಿ. ಅಷ್ಟೇ."

"ನಾನು ನೋಡದೇ ಇದ್ರೆ ಇವನು ಹಿಂದಿನಿಂದ ತಿವೀತಾನಂತೆ," ಎಂದ ಫಾನಿಸ್. ಒಳ್ಳೆಯ ಹುಡುಗ, ಆರ್ತಾದ ಕಿತ್ತಳೆ ತೋಟದವನು, ಮಾತು ಕಡಿಮೆ.

"ಮೆಲ್ಪೊನೇ ಈ ಮದುವೆಯ ಸಾಕ್ಷಿ ಅಲ್ವಾ? ಅವಳು ಹಿಂದೆ ನಿಂತಿರ್ತಾಳೆ, ನಾನು ಅವಳ ಪಕ್ಕ. ಕಾವಲಿಗೆ," ಎಂದ ತೋಲಿಸ್. "ಹೇಳಿ ಚಿಕ್ಕಮ್ಮ, ದೀಪ ಇದೆ ತಾನೇ?"

"ಇದೆ. ಅದೆಲ್ಲಿಗೆ ಹೋಗುತ್ತೆ?" ಎಂದಳು ಪೊಲಿಕ್ಸೇನಿ. "ಗದ್ದ ಮೇಲೆತ್ತು ಫಾನಿಸ್. ನಾಳೆ ಸಂಜೆವರೆಗಾದ್ರೂ ಗಂಡಸಿನ ಹಾಗೆ ಕಾಣು."

ಅವರು ಹೋದ ಮೇಲೆ ಅವಳು ಸ್ವಲ್ಪ ಹೊತ್ತು ಕ್ಯಾಮೆರಾವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಎದುರಾಳಿ ತನ್ನ ಯುದ್ಧತಂತ್ರವನ್ನು ತಾನೇ ಬಂದು ಒಪ್ಪಿಸಿ ಹೋಗಿದ್ದ. ಇಬ್ಬರು ಗಂಡಸರು ಕಿವಿಯನ್ನು ಮುಚ್ಚಿಕೊಂಡು ಕಣ್ಣನ್ನು ಒಂದು ದೀಪಕ್ಕೆ ಒತ್ತೆ ಇಡಲಿದ್ದರು. ಆ ದೀಪ ಹತ್ತದಿದ್ದರೆ ಅವರಿಗೆ ಆ ಕ್ಷಣ ಬಂದದ್ದೇ ತಿಳಿಯುವುದಿಲ್ಲ.

ಶನಿವಾರ ಬೆಳಿಗ್ಗೆ ಅವಳು ಚರ್ಚಿಗೆ ಹೋದಳು. ಪಾದ್ರಿ ನೆಯೋಫಿತೊ ದೀಪದ ಬಟ್ಟಲುಗಳನ್ನು ಒರೆಸುತ್ತಿದ್ದರು. ಅವಳನ್ನು ಕಂಡು ಬಟ್ಟೆ ಕೆಳಗಿಟ್ಟರು.

"ಬಾ ಮಗಳೇ. ನಾನೇ ಹೇಳಿ ಕಳಿಸೋಣ ಅಂತಿದ್ದೆ. ನಿನ್ನ ಮಿಂಚು ಬೇಡ."

"ಗುರುಗಳೇ, ಮಿಂಚಿಲ್ಲದೆ ಪಾದ ಬರಲ್ಲ."

"ಹೋದ ಸಲ ಸಿದೇರಿಗೆ ಏನಾಯ್ತು ಗೊತ್ತಲ್ಲ? ಕಣ್ಣಿನ ಪೊರೆ ತೆಗೆಸಿಕೊಂಡ ಮನುಷ್ಯ. ನೀನು ಫಳ್ ಅನ್ನಿಸಿದೆ, ಅವನಿಗೆ ಪುಟದ ತುಂಬ ಹಸಿರು ಚಿಕ್ಕೆ. ಹೇಳಿದ ಸಾಲನ್ನೇ ಮತ್ತೆ ಹೇಳ್ದ. ಇನ್ನೊಂದ್ಸಲ ಹಾಗಾದ್ರೆ ಬಿಷಪ್ಪರಿಗೆ ನಾನೇನು ಉತ್ತರ ಕೊಡಲಿ?"

"ಒಂದು. ಒಂದೇ ಮಿಂಚು. ಅದೂ ಪಾಠದ ಕೊನೇ ಮಾತು ಆದಮೇಲೆ. ಅಲ್ಲಿಗೆ ಸಿದೇರಿ ತಾತನ ಪುಟವೇ ಮುಗಿದಿರುತ್ತೆ."

ಪಾದ್ರಿ ಗಡ್ಡ ನೀವಿಕೊಂಡರು. "ಒಂದು ಅಂದ್ರೆ ಒಂದು. ನಾನು ಎಣಿಸ್ತೀನಿ."

"ಎಣಿಸಿ ಗುರುಗಳೇ. ನಾನೂ ಎಣಿಸ್ತೀನಿ."

ಒಂದೆಂದು ಒಪ್ಪಿಕೊಳ್ಳುವುದು ಸುಲಭವಾಗಿರಲಿಲ್ಲ. ಯಂತ್ರವನ್ನು ಅದರ ಪಾಡಿಗೆ ಬಿಟ್ಟರೆ ಅದು ಮೊದಲು ಒಂದು ಸಣ್ಣ ಮಿಂಚು ಬಿಟ್ಟು ಬೆಳಕನ್ನು ಅಳೆಯುತ್ತದೆ, ಬಳಿಕ ದೊಡ್ಡದನ್ನು ಬಿಡುತ್ತದೆ. ಕಣ್ಣು ಕೆಂಪಾಗಿ ಬಾರದಿರಲೆಂದು ಇನ್ನಷ್ಟು ಮಿಂಚುಗಳನ್ನೂ ಸೇರಿಸಬಲ್ಲದು. ಪಾದ್ರಿಯ ಎಣಿಕೆಯಲ್ಲಿ ಅದು ಎರಡು, ಮೂರು. ಪೊಲಿಕ್ಸೇನಿ ಆ ಸೌಕರ್ಯಗಳನ್ನೆಲ್ಲ ಒಂದೊಂದಾಗಿ ಮುಚ್ಚಿದಳು. ಅಳೆಯುವ ಕೆಲಸ ಈಗ ಅವಳ ಪಾಲಿಗೆ ಬಂತು.

ಮೇಲೆ ನೋಡಿದಳು. ಸುಣ್ಣ ಬಳಿದ ಚಾವಣಿಯಿದ್ದರೆ ಫ್ಲ್ಯಾಶನ್ನು ಅದರತ್ತ ತಿರುಗಿಸಿ ಮೆತ್ತಗಿನ ಬೆಳಕನ್ನು ಕೆಳಗಿಳಿಸಬಹುದು. ಇಲ್ಲಿ ಮುನ್ನೂರು ವರ್ಷದ ಬತ್ತಿಯ ಮಸಿಯಿತ್ತು. ಅದು ಬೆಳಕನ್ನು ನುಂಗುತ್ತದೆ, ಹಿಂದಿರುಗಿಸುವುದಿಲ್ಲ. ಹಾಗಾಗಿ ಬೆಳಕು ನೇರವಾಗಿಯೇ ಹೋಗಬೇಕು. ನೇರ ಬೆಳಕಿಗೆ ಧೂಪದ ಹೊಗೆ ಅಡ್ಡ ಬಂದರೆ ಚಿತ್ರದ ತುಂಬ ಬಿಳಿ ಮಂಜು. ಹೊಗೆ ಮೇಲಕ್ಕೇರುವುದರಿಂದ ಅವಳು ಕೆಳಗೆ ಕೂರುವುದೆಂದಾಯಿತು: ಎಡಗಡೆಯ ಕಂಬದ ಬುಡ, ನೆಲದ ಮೇಲೆ, ಜೋಡಿಗೆ ಓರೆಯಾಗಿ ಎದುರು.

ನೆಲದ ಚಪ್ಪಡಿಗಳು ತಲಾ ಒಂದು ಮೀಟರ್. ಕಂಬದಿಂದ ವರ ನಿಲ್ಲುವ ಜಾಗಕ್ಕೆ ಐದು ಚಪ್ಪಡಿ. ಅವಳ ಫ್ಲ್ಯಾಶಿನ ಬಲದ ಅಂಕಿ ನಲವತ್ತು. ನಲವತ್ತನ್ನು ಐದರಿಂದ ಭಾಗಿಸಿದರೆ ಎಂಟು. ಲೆನ್ಸಿನ ಕಣ್ಣನ್ನು ಎಂಟರ ಗುರುತಿಗೆ ಕಿರಿದುಮಾಡಿದಳು. ಅವಳ ತಂದೆ ಬಲ್ಬುಗಳ ಕಾಲದಲ್ಲಿ ಮಾಡುತ್ತಿದ್ದುದೂ ಇದೇ ಭಾಗಾಕಾರ.

ಉಳಿದದ್ದು ಫೋಕಸ್. ಐದನೆಯ ಚಪ್ಪಡಿಯ ಮೇಲೆ ಒಂದು ಬತ್ತಿ ಹಚ್ಚಿಟ್ಟು ಕಂಬದ ಬುಡದಲ್ಲಿ ಕುಳಿತು ಗುಂಡಿಯನ್ನು ಅರ್ಧ ಒತ್ತಿದಳು. ಕೆಂಪು ಜಾಲ ಖಾಲಿ ಚಪ್ಪಡಿಯ ಮೇಲೆ ಹರಡಿತು. ನೋಡಿ ಕಾಲು ತೆಗೆಯುವವರು ಅಲ್ಲಿ ಯಾರೂ ಇರಲಿಲ್ಲ. ಲೆನ್ಸ್ ಗರ್ ಎಂದು ತಿರುಗಿ ನಿಂತಿತು. ಅವಳು ಬತ್ತಿಯನ್ನು ಎತ್ತಿಕೊಂಡು ಬಂದು ಲೆನ್ಸಿನ ತಿರುಗುವ ಬಳೆಯ ಮೇಲೆ ಒಂದು ತೊಟ್ಟು ಮೇಣ ಬಿಟ್ಟಳು, ಅದಕ್ಕೆ ಸರಿಯಾಗಿ ತಿರುಗದ ಭಾಗದ ಮೇಲೆ ಇನ್ನೊಂದು ತೊಟ್ಟು. ಎರಡೂ ಗಟ್ಟಿಯಾದವು. ಇನ್ನು ಎಂಥ ಕತ್ತಲೆಯಲ್ಲೂ ಎರಡು ಮೇಣದ ಮಣಿಗಳನ್ನು ಹೆಬ್ಬೆರಳಿನಿಂದ ಮುಟ್ಟಿ ಒಂದೇ ಗೆರೆಗೆ ತಂದರೆ ಫೋಕಸ್ ಐದನೆಯ ಚಪ್ಪಡಿಯಲ್ಲಿರುತ್ತದೆ. ದೀಪ ಬೇಡ, ಕಣ್ಣೂ ಬೇಡ.

ಪಾದ್ರಿ ದೂರದಿಂದ ನೋಡುತ್ತಿದ್ದರು. "ಅದು ದುಬಾರಿ ಯಂತ್ರ ಅಲ್ವೇನಮ್ಮ? ಮೇಣ ಸುರೀತಿದೀಯಲ್ಲ."

"ಕೆರೆದ್ರೆ ಹೋಗುತ್ತೆ ಗುರುಗಳೇ. ಖಾಲಿ ಮೊಳೆ ಕೆರೆದ್ರೆ ಹೋಗಲ್ಲ."

ಸಂಜೆ ಐದಕ್ಕೆ ಗಂಟೆ ಹೊಡೆಯಿತು. ಅರೇತಿ ಬಿಳಿ ಉಡುಪಿನ ಅಂಚನ್ನು ಎಡಗೈಯಲ್ಲಿ ಒಂದು ಗೇಣು ಎತ್ತಿ ಹಿಡಿದುಕೊಂಡು ಬಂದು ನಿಂತಳು. ಅವಳ ಬಲಕ್ಕೆ ಫಾನಿಸ್, ಹೊಸ ಕರಿಯ ಬೂಟು. ಒಂದು ಚಪ್ಪಡಿ ಹಿಂದೆ ನೀಲಿ ಉಡುಪಿನಲ್ಲಿ ಮೆಲ್ಪೊ. ಅವಳ ಬಲಕ್ಕೆ ಕಾವಲುಗಾರ ತೋಲಿಸ್. ಅಗೋರೊ ಮುಂದಿನ ಸಾಲಿನ ಕುರ್ಚಿಯಲ್ಲಿ ಕುಳಿತು ಕೋಲನ್ನು ಎರಡು ಮೊಣಕಾಲಿನ ನಡುವೆ ನಿಲ್ಲಿಸಿಕೊಂಡಿದ್ದಳು.

ಉಂಗುರ ಬದಲಾಯಿಸುವಾಗ ಪೊಲಿಕ್ಸೇನಿ ಎದ್ದು ನಿಂತು, ಕ್ಯಾಮೆರಾವನ್ನು ಎಂದಿನಂತೆ ಹಿಡಿದು, ಫ್ಲ್ಯಾಶ್ ಮಿಂಚದಂತೆ ತಡೆದು ಅದರ ಕೆಂಪು ದೀಪವನ್ನಷ್ಟೇ ಉಳಿಸಿಕೊಂಡು, ಬತ್ತಿಯ ಬೆಳಕಿನಲ್ಲೇ ಚಿತ್ರ ತೆಗೆದಳು. ಪ್ರತಿ ಸಲವೂ ಕೆಂಪು ಜಾಲ ಅವರ ಕೈಗಳ ಮೇಲೆ ಬಿದ್ದು ಮಾಯವಾಯಿತು. ಕಿರೀಟ ಇಡುವಾಗ ಹಣೆಗಳ ಮೇಲೆ ಬಿದ್ದಿತು. ತೋಲಿಸ್ ಮುಂದಕ್ಕೆ ಬಾಗಿ ಫಾನಿಸನ ಕಿವಿಯಲ್ಲಿ ಏನೋ ಅಂದ; ಇಬ್ಬರೂ ನಸುನಕ್ಕರು. ದೀಪ ಕೆಲಸ ಮಾಡುತ್ತಿದೆ ಎಂದು ಅವರಿಗೆ ಖಾತರಿಯಾಗಿತ್ತು. ದೀಪ ನಿಜವಾಗಿಯೂ ಕೆಲಸ ಮಾಡುತ್ತಿತ್ತು.

ಸಿದೇರಿ ಪುಸ್ತಕ ಬಿಡಿಸಿ, ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡ. ಪೊಲಿಕ್ಸೇನಿ ಕಂಬದ ಬುಡದಲ್ಲಿ ನೆಲಕ್ಕೆ ಕುಳಿತಳು. ಎಡಗೈ ಬೆರಳಿನಿಂದ ಲೆನ್ಸಿನ ಬದಿಯ ಗುಬುಟನ್ನು ಸರಿಸಿದಳು. ಇನ್ನು ಯಂತ್ರ ತಾನಾಗಿ ಫೋಕಸ್ ಮಾಡುವುದಿಲ್ಲ, ಮಾಡದಿದ್ದರೆ ಕೆಂಪು ದೀಪವೂ ಹತ್ತುವುದಿಲ್ಲ. ಹೆಬ್ಬೆರಳು ಒಂದು ಮೇಣದ ಮಣಿಯನ್ನು ಹುಡುಕಿತು, ಇನ್ನೊಂದನ್ನು ಹುಡುಕಿತು, ಬಳೆಯನ್ನು ತಿರುಗಿಸಿ ಎರಡನ್ನೂ ಕೂಡಿಸಿತು. ಫ್ಲ್ಯಾಶಿಗೆ ಹಾಕಿದ್ದ ತಡೆ ತೆಗೆದಳು. ಅದು ಸೊಳ್ಳೆಯಂತೆ ಸಣ್ಣಗೆ ಕೂಗಿ ತುಂಬಿಕೊಂಡಿತು.

ಪಾಠ ಉದ್ದವಾದದ್ದು. ಸಿದೇರಿ ಅವಸರ ಮಾಡುವವನಲ್ಲ. ಫಾನಿಸ್ ತನ್ನ ಬೂಟನ್ನೇ ನೋಡುತ್ತಿದ್ದ. ಹಿಂದಿನಿಂದ ತೋಲಿಸ್ ಕೊಕ್ಕರೆಯಂತೆ ಕತ್ತು ಚಾಚಿ ಅದೇ ಬೂಟನ್ನು ನೋಡುತ್ತಿದ್ದ. ಚಾಚಿದ ಕತ್ತಿಗೆ ಆಧಾರ ಬೇಕಾದ್ದರಿಂದ ಅವನ ಎಡಗಾಲು ಮುಂದಕ್ಕೆ ಬಂದು ಮೆಲ್ಪೊಳ ಪಾದದ ಪಕ್ಕದಲ್ಲೇ ಊರಿತ್ತು. ಪೊಲಿಕ್ಸೇನಿ ಇದನ್ನು ಕಂಡಳು, ಆದರೆ ಅದರ ಬಗ್ಗೆ ಯೋಚಿಸಲಿಲ್ಲ. ಅವಳು ಕೇಳಿಸಿಕೊಳ್ಳುತ್ತಿದ್ದಳು. ಅವಳಿಗೂ ಹಳೆಯ ಭಾಷೆ ಪೂರ್ತಿ ಬಾರದು. ಆದರೆ ಕೊನೆಯ ಮಾತಿಗೆ ಮೊದಲು ಸಿದೇರಿ ಕನ್ನಡಕವನ್ನು ಮೂಗಿನ ಮೇಲೆ ಒತ್ತಿ, ಬಾವಿಯಿಂದ ನೀರು ಸೇದುವವನಂತೆ ಉಸಿರೆಳೆಯುತ್ತಾನೆಂದು ಇಷ್ಟು ವರ್ಷಗಳ ಮದುವೆಗಳಲ್ಲಿ ಕಲಿತಿದ್ದಳು.

ಕನ್ನಡಕ ಒತ್ತಿದ. ಉಸಿರೆಳೆದ.

ಬೂಟಿನ ಮೇಲೆ ಕೆಂಪು ಬೀಳಲಿಲ್ಲ. ಫಾನಿಸ್ ಇನ್ನೂ ಹೊತ್ತಿದೆ ಎಂಬ ನೆಮ್ಮದಿಯಲ್ಲಿ ನಿಂತಿದ್ದ. ಕೊನೆಯ ಮಾತು ಚಾವಣಿಯವರೆಗೆ ಏರಿತು. ಬಿಳಿ ಅಂಚು ಅಲುಗಿತು. ಪೊಲಿಕ್ಸೇನಿ ಗುಂಡಿಯನ್ನು ಪೂರ್ತಿ ಒತ್ತಿದಳು. ಹುಡುಕುವ ಕೆಲಸವಿಲ್ಲದ ಯಂತ್ರ ತಡಮಾಡಲಿಲ್ಲ.

ಇಡೀ ಚರ್ಚು ಒಂದು ಕ್ಷಣ ಬೆಳ್ಳಗಾಯಿತು.

"ಅಯ್ಯಪ್ಪಾ!" ಎಂದ ಫಾನಿಸ್. ಅದು ನಿರೀಕ್ಷಿತ. ಅದರ ಬೆನ್ನಿಗೇ, ಒಂದು ಚಪ್ಪಡಿ ಹಿಂದಿನಿಂದ, ಅದಕ್ಕಿಂತ ದಪ್ಪ ಗಂಟಲಿನ ಇನ್ನೊಂದು ಕೂಗು ಬಂತು: "ಅಯ್ಯಯ್ಯೋ! ನಂದ್ಯಾಕೇ?"

ಜನ ನಕ್ಕರು. ಪಾದ್ರಿ ಕೆಮ್ಮಿದರು, ನಗು ಅಡಗಿತು. ಸಿದೇರಿ ಪುಸ್ತಕ ಮುಚ್ಚಿ, ಕಣ್ಣುಜ್ಜಿಕೊಂಡು, ಯಾವ ಸಾಲನ್ನೂ ಮತ್ತೆ ಹೇಳದೆ ತನ್ನ ಜಾಗಕ್ಕೆ ಹೋದ. ಪೊಲಿಕ್ಸೇನಿ ಕ್ಯಾಮೆರಾದ ಹಿಂಬದಿಯ ಪರದೆಯನ್ನು ನೋಡಲಿಲ್ಲ. ಆಮೇಲೆ ನೋಡಿದರೂ ಚಿತ್ರ ಬದಲಾಗುವುದಿಲ್ಲ. ಮೇಜಿನ ಸುತ್ತ ಮೂರು ಪ್ರದಕ್ಷಿಣೆಯಾಗುವಾಗ ಜನ ಜೋಡಿಯ ಮೇಲೂ ಅವಳ ಮೇಲೂ ಅಕ್ಕಿ ಎಸೆದರು. ಆ ಅಕ್ಕಿ ಫ್ಲ್ಯಾಶಿನ ಬೆಳಕಿಗೆ ಸಿಕ್ಕರೆ ಚಿತ್ರದಲ್ಲಿ ಆಲಿಕಲ್ಲಿನಂತೆ ಕಾಣುತ್ತದೆ. ಆದರೆ ಅವಳ ಪಾಲಿನ ಒಂದು ಮಿಂಚು ಮುಗಿದಿತ್ತು, ಹಾಗಾಗಿ ಆ ಚಿಂತೆಯೂ ಇರಲಿಲ್ಲ.

ಹೊರಗೆ ಅಂಗಳದಲ್ಲಿ ಸಕ್ಕರೆ ಬಾದಾಮಿ ಹಂಚುತ್ತಿದ್ದರು. ತೋಲಿಸ್ ಕುಂಟುತ್ತ ಬಂದ.

"ಚಿಕ್ಕಮ್ಮ, ಇದು ಮೋಸ! ದೀಪ ಇದೆ ಅಂದಿದ್ರಿ!"

"ಇದೆ ಅಂದೆ. ನೋಡು, ಇಲ್ಲೇ ಇದೆ. ಹತ್ತುತ್ತೆ ಅಂದ್ನಾ?"

"ಉಂಗುರಕ್ಕೆ ಹತ್ತಿತ್ತು, ಕಿರೀಟಕ್ಕೆ ಹತ್ತಿತ್ತು…"

"ಆಗ ಬೇಕಿತ್ತು, ಹತ್ತಿತ್ತು. ಆಮೇಲೆ ಬೇಕಿರಲಿಲ್ಲ."

ಅಗೋರೊ ಕೋಲಿನಿಂದ ಜನರನ್ನು ಸರಿಸಿಕೊಂಡು ಬಂದು ನಿಂತಳು. "ಮಾತು ಸಾಕು. ತೋರ್ಸು."

ಪೊಲಿಕ್ಸೇನಿ ಆಗ ಪರದೆಯನ್ನು ತೆರೆದಳು. ಬಿಸಿಲಿಗೆ ಕೈ ಅಡ್ಡ ಹಿಡಿದು ಚಿತ್ರವನ್ನು ದೊಡ್ಡದು ಮಾಡಿದಳು. ಅರೇತಿಯ ಬಿಳಿ ಪಾದರಕ್ಷೆ ಫಾನಿಸನ ಕರಿಯ ಬೂಟಿನ ಮೇಲೆ ಹಿಮ್ಮಡಿ ಸಮೇತ ಕೂತಿತ್ತು. ಬೂಟಿನ ತೊಗಲು ಒತ್ತಿ ಮಡಿಕೆ ಬಿದ್ದದ್ದೂ, ಲೇಸಿನ ಗಂಟೂ ಕಾಣುತ್ತಿದ್ದವು. ಅಗೋರೊ ಉಸಿರು ಬಿಟ್ಟಳು. ಅವಳು ಹೊಗಳುವವಳಲ್ಲ, ಉಸಿರು ಬಿಟ್ಟದ್ದೇ ತೀರ್ಪು.

"ಹಿಂದೆ ಏನದು, ನೀಲಿ?" ಎಂದಳು.

ಪೊಲಿಕ್ಸೇನಿ ಚಿತ್ರವನ್ನು ಸರಿಸಿದಳು. ಲೆನ್ಸಿನ ಕಣ್ಣು ಎಂಟಕ್ಕೆ ಕಿರಿದಾಗಿದ್ದರಿಂದ ಐದನೆಯ ಚಪ್ಪಡಿಯ ಜೊತೆಗೆ ಆರನೆಯದೂ ಸ್ಪಷ್ಟವಾಗಿತ್ತು. ಅಲ್ಲಿ ನೀಲಿ ಪಾದರಕ್ಷೆಯೊಂದು ಅಗಲವಾದ ಕಂದು ಬೂಟನ್ನು ತುಳಿದು ನಿಂತಿತ್ತು. ಮೆಲ್ಪೊಳ ಮುಖ ಚಿತ್ರದಲ್ಲಿರಲಿಲ್ಲ. ಅಂಗಳದಲ್ಲಿತ್ತು, ಅವಳು ತಂಗಿಯ ಭುಜದ ಹಿಂದೆ ನಿಂತು ಬಾದಾಮಿ ಕಡಿಯುತ್ತಿದ್ದಳು.

"ನೀನು ಕತ್ತು ಚಾಚ್ಕೊಂಡು ಪಕ್ಕದವನ ಕಾಲು ಕಾಯ್ತಿದ್ದೆ," ಎಂದಳು ಗಂಡನಿಗೆ. "ನಿಂದು ಯಾರು ಕಾಯ್ತಾರೆ?"

"ಅಜ್ಜಿ, ಇದು ಲೆಕ್ಕಕ್ಕಿಲ್ಲ!" ಎಂದು ತೋಲಿಸ್ ಅಂಗಲಾಚಿದ. "ನಮ್ಮ ಮದುವೆ ಆಗಿ ವರ್ಷದ ಮೇಲಾಯ್ತು. ಇದು ಅರೇತಿ ಮದುವೆ. ಆ ಮಾತು ಅವಳಿಗೆ ಓದಿದ್ದು."

ಅಗೋರೊ ಪಾದ್ರಿಯ ಕಡೆ ತಿರುಗಿದಳು. "ಗುರುಗಳೇ, ಸಿದೇರಿ ಓದೋದು ಯಾರಿಗೆ? ಮದುಮಕ್ಕಳಿಗೆ ಮಾತ್ರವೋ, ಚರ್ಚಿನಲ್ಲಿ ಇರೋ ಎಲ್ಲರಿಗೋ?"

ಪಾದ್ರಿ ಗಡ್ಡ ನೀವಿಕೊಂಡರು. "ಎಲ್ಲರಿಗೂ," ಎಂದರು. "ಅದರಲ್ಲಿ ಸಂಶಯ ಇಲ್ಲ."

"ಮಾತು ಬಿದ್ದಾಗ ತುಳಿದಳೋ, ಆಮೇಲೋ?"

"ಒಂದೇ ಮಿಂಚಿನಲ್ಲಿ ಎರಡೂ ಇವೆ," ಎಂದಳು ಪೊಲಿಕ್ಸೇನಿ. "ಒಂದು ಲೆಕ್ಕಕ್ಕಿದ್ರೆ ಇನ್ನೊಂದೂ ಇದೆ. ಇಲ್ಲದಿದ್ರೆ ಎರಡೂ ಇಲ್ಲ."

"ಹಾಗಾದ್ರೆ ಮುಗೀತು," ಎಂದಳು ಅಗೋರೊ. "ತೋಲಿಸ್, ಬೂಟು ಬಿಚ್ಚಿ ಕಾಲು ಒತ್ಕೋ. ಮೆಲ್ಪೊ ತಾತನೂ ನಮ್ಮ ಮದುವೇಲಿ ಹೀಗೇ ಕುಂಟಿದ್ರು, ಆಮೇಲೆ ಅಭ್ಯಾಸ ಆಯ್ತು."

ಫಾನಿಸ್ ಈಗ ಬಾಯಿಬಿಟ್ಟ. "ಭಾವ, ನಿನ್ನ ಮಾತು ಕೇಳದೆ ಸಿದೇರಿ ತಾತನ ಮಾತು ಕೇಳಿದ್ರೆ ಆಗ್ತಿತ್ತು."

"ನಿನಗೆ ಅರ್ಥ ಆಗ್ತಿತ್ತೇನೋ?"

"ಉಸಿರು ಎಳೆದಿದ್ದು ನನಗೂ ಕೇಳಿಸ್ತು."

ಪಾದ್ರಿ ಪೊಲಿಕ್ಸೇನಿಯ ಬಳಿ ಬಂದು ತಗ್ಗಿದ ದನಿಯಲ್ಲಿ, "ಮಿಂಚು ಒಂದೇ. ಎಣಿಸ್ದೆ. ಆದ್ರೆ ಕಿರುಚಾಟ ಎರಡಾಯ್ತಲ್ಲ ಮಗಳೇ," ಎಂದರು.

"ಕಿರುಚಾಟಕ್ಕೆ ನಾವು ಲೆಕ್ಕ ಮಾತಾಡಿರಲಿಲ್ಲ ಗುರುಗಳೇ."

ಮುಂದಿನ ಶನಿವಾರ ಅವಳು ಎರಡು ಚೌಕಟ್ಟುಗಳನ್ನು ಹಳೆಯ ಮೇಜುಬಟ್ಟೆಯಲ್ಲಿ ಸುತ್ತಿಕೊಂಡು ಅಗೋರೊಳ ಮನೆಗೆ ಹೋದಳು. ಒಂದೇ ಚಿತ್ರವನ್ನು ಎರಡಾಗಿ ಕತ್ತರಿಸಿದ್ದಳು. ನಾಲ್ಕನೆಯ ಮೊಳೆಗೆ ಅರೇತಿಯದನ್ನು ಹಾಕಿದಳು. ಮೂರನೆಯದಕ್ಕೆ ಮೆಲ್ಪೊಳದನ್ನು ಹಾಕಿ, ಅಂಚನ್ನು ಬೆರಳಿನಿಂದ ಮುಟ್ಟಿ ಸಮಮಾಡಿ, ಹಿಂದಕ್ಕೆ ಸರಿದು ನಿಂತಳು. ಅಗೋರೊ ಕಾಫಿಪಾತ್ರೆಯನ್ನು ಒಲೆಯ ಮೇಲಿಂದ ಇಳಿಸಿ, "ಕೂರು. ನಾಮಕರಣಕ್ಕೆ ನೀನೇ ಬರಬೇಕು," ಎಂದಳು. "ಅದಕ್ಕೆ ಇನ್ನೂ ಟೈಮಿದೆ, ಅವಸರ ಏನಿಲ್ಲ."

ಮೆಲ್ಪೊ ತನ್ನ ಚಿತ್ರವನ್ನು ಹತ್ತಿರದಿಂದ ನೋಡಿದಳು, ತಂಗಿಯದನ್ನು ನೋಡಿದಳು, ಮತ್ತೆ ತನ್ನದನ್ನು.

"ನಂದು ಸ್ವಲ್ಪ ಕಪ್ಪಾಗಿದೆ ಅಲ್ವಾ ಚಿಕ್ಕಮ್ಮ?"

"ಆಗಿದೆ. ನೀನು ಒಂದು ಚಪ್ಪಡಿ ಹಿಂದೆ ನಿಂತಿದ್ದೆ. ಐದನೇ ಚಪ್ಪಡಿಗೆ ಮೂವತ್ತಾರು ಪಾಲು ಬೆಳಕು ಬಿದ್ರೆ ಆರನೇದಕ್ಕೆ ಬೀಳೋದು ಇಪ್ಪತ್ತೈದೇ. ಕಂಪ್ಯೂಟರಿನಲ್ಲಿ ಸರಿ ಮಾಡಬಹುದಿತ್ತು. ಮಾಡಲಿಲ್ಲ. ಹದಿನೈದು ತಿಂಗಳು ತಡವಾಗಿ ತುಳಿದೆಯಲ್ಲ, ಅಷ್ಟು ಕಪ್ಪು ಇರಲಿ."

"ಹಾಗಾದ್ರೆ ಹನ್ನೊಂದು ಪಾಲು ಬಾಕಿ?"

"ನನ್ನ ಮೇಲೆ ಏನೂ ಇಲ್ಲ. ನನ್ನ ಬಾಕಿ ಒಂದು ಚಿತ್ರ. ಅದು ಗೋಡೆ ಮೇಲಿದೆ. ಆ ಹನ್ನೊಂದು ಪಾಲನ್ನ ನಿನ್ನ ಗಂಡನ ಹತ್ರ ವಸೂಲು ಮಾಡ್ಕೋ."

ಮೆಲ್ಪೊ ಕಿಟಕಿಯಿಂದ ಹೊರಗೆ ಬಗ್ಗಿ, ದನಿ ಎತ್ತರಿಸದೆ, "ತೋಲಿಸ್," ಎಂದಳು. ಅಂಗಳದಲ್ಲಿ ಚಳಿಗಾಲದ ಸೌದೆ ಒಡೆಯುತ್ತಿದ್ದ ತೋಲಿಸ್ ಕೊಡಲಿಯನ್ನು ಕೆಳಗಿಟ್ಟು, ಕೈ ಒರೆಸಿಕೊಂಡು ಒಳಗೆ ಬಂದ.